ದುಡಿಮೆಯಲ್ಲ, ಪಾಲು

'ಎಲೀಟ್ ಡೇಂಜರಸ್' ಎಂಬ ವಿಡಿಯೊ ಗೇಮ್ ಆಡುವವರ ಬಾಯಲ್ಲಿ ಒಂದು ದೂರು ಖಾಯಂ. ರಾತ್ರಿಯೆಲ್ಲ ಕೂತು ನಮ್ಮ ಬಣಕ್ಕೆ ದುಡಿದೆವು, ಮಾರನೆಯ ದಿನ ನೋಡಿದರೆ ಪ್ರಭಾವ ಏರಿದ್ದು ಚೂರೇ ಚೂರು, ಇದು ಅನ್ಯಾಯ ಎಂದು. ದುಡಿದಷ್ಟೂ ಫಲ ಸಿಗಬೇಕು ಎಂಬ ಮಾತು ಕೇಳಲು ನ್ಯಾಯವಾಗಿಯೇ ಇದೆ. ಈ ಆಟದ ಮಟ್ಟಿಗೆ ಅದು ತಪ್ಪು ಎಂಬುದು ನನ್ನ ವಾದ.

ಇಂಗ್ಲೆಂಡಿನ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಕಂಪನಿ 2014ರ ಡಿಸೆಂಬರಿನಲ್ಲಿ ತಂದ ಈ ಆಟದ ಅಂಗಳ ನಮ್ಮ ಆಕಾಶಗಂಗೆಯೇ. ಜನವಸತಿಯಿರುವ ನಕ್ಷತ್ರ ವ್ಯವಸ್ಥೆಗಳಲ್ಲಿ ಬಣಗಳಿವೆ. ಒಂದು ವ್ಯವಸ್ಥೆಯ ಬಣಗಳ ಪ್ರಭಾವವನ್ನೆಲ್ಲ ಕೂಡಿದರೆ ಯಾವತ್ತೂ ನೂರು. ದಿನಕ್ಕೊಮ್ಮೆ ಲೆಕ್ಕ ಹೊಸದಾಗುತ್ತದೆ. ಆಟಗಾರರು ಅದನ್ನು 'ಟಿಕ್' ಅನ್ನುತ್ತಾರೆ.

ದೂರು ಹೇಳುವವರು ಮರೆಯುವುದು ಆ ನೂರನ್ನು. ಪ್ರಭಾವವೆಂದರೆ ಕೂಡಿಟ್ಟ ಗಂಟಲ್ಲ, ಪಾಲು. ಮೂರು ಬಣಗಳಿಗೆ 50, 30, 20 ಇದೆ ಅನ್ನಿ. 30ರ ಬಣಕ್ಕೆ ಹತ್ತರಷ್ಟು ಕೆಲಸ ಮಾಡಿಕೊಟ್ಟರೆ ಮೊತ್ತ 110. ಅದನ್ನು ಮತ್ತೆ ನೂರಕ್ಕೆ ಇಳಿಸಿದಾಗ ಆ ಬಣದ ಪಾಲು 36.4, ಅಂದರೆ 6.4ರ ಏರಿಕೆ. ಅದೇ ಹತ್ತನ್ನು 50ರ ಬಣಕ್ಕೆ ಸುರಿದಿದ್ದರೆ 54.5, ಏರಿದ್ದು ಬರೀ 4.5. ಇದು ಪಾಲಿನ ಸರಳ ಗಣಿತ. ಆಟದ ಲೆಕ್ಕದಲ್ಲಿ ಜನಸಂಖ್ಯೆಯೂ ಸೇರುತ್ತದೆ: ಕೋಟಿಗಟ್ಟಲೆ ಜನರಿರುವಲ್ಲಿ ಪ್ರಭಾವ ಅಲುಗಾಡುವುದು ಕಷ್ಟ, ಕೆಲವೇ ಸಾವಿರ ಜನರಿರುವಲ್ಲಿ ಸುಲಭ. ಜೊತೆಗೆ, ಒಂದೇ ದಿನದಲ್ಲಿ ಮಾಡಿದ ಕೆಲಸ ಹೆಚ್ಚಿದಷ್ಟೂ ಅದರ ಬೆಲೆ ಇಳಿಯುತ್ತದೆ.

ಈ ಇಳಿಕೆಯೇ ನನಗೆ ಇಷ್ಟ. ಬಣ ಕೊಟ್ಟ ಮಿಷನ್ ಮುಗಿಸಿ ಬಂದಾಗ ಪರದೆಯ ಮೇಲೆ ಬಹುಮಾನದ ಆಯ್ಕೆಗಳು ಕಾಣುತ್ತವೆ: ಒಂದರಲ್ಲಿ ಹಣ ಜಾಸ್ತಿ, ಇನ್ನೊಂದರಲ್ಲಿ ಪ್ರಭಾವದ ಮುಂದೆ ಸಾಲಾಗಿ ಕೂಡುಚಿಹ್ನೆಗಳು. ಆಫೀಸಿನಿಂದ ಬಂದು ರಾತ್ರಿ ಒಂದೇ ಗಂಟೆ ಆಡುವವಳು ಹಣ ಬಿಟ್ಟು ಆ ಕೂಡುಚಿಹ್ನೆಗಳನ್ನು ಆರಿಸಿಕೊಳ್ಳುತ್ತಾಳೆ. ಫಲ ದುಡಿಮೆಗೆ ಸರಿಸಮವಾಗಿ ಏರುತ್ತಿದ್ದರೆ, ಹದಿನಾರು ಗಂಟೆ ಕೂರಬಲ್ಲವನೊಬ್ಬ ಅವಳಂಥ ಹತ್ತು ಜನರ ಶ್ರಮವನ್ನು ಒಂದೇ ದಿನದಲ್ಲಿ ಅಳಿಸಿಹಾಕುತ್ತಿದ್ದ. ಈಗ ಹಾಗಾಗುವುದಿಲ್ಲ. ಅವಳು ನಾಳೆಯೂ ಬಂದರೆ ಅದಕ್ಕೆ ಬೆಲೆಯಿದೆ.

ಯುದ್ಧದಲ್ಲೂ ಇದೇ ಕಥೆ. ಎರಡು ಬಣಗಳ ಪ್ರಭಾವ ಸಮಕ್ಕೆ ಬಂದರೆ ಕದನ ಶುರುವಾಗಬಹುದು. ಏಳು ದಿನಗಳಲ್ಲಿ ಹೆಚ್ಚು ದಿನ ಗೆದ್ದವರಿಗೆ ಜಯ; ಒಂದು ದಿನವನ್ನು ಎಷ್ಟೇ ಅಂತರದಿಂದ ಗೆದ್ದರೂ ಅದು ಒಂದೇ ದಿನ. ಬ್ಯಾಡ್ಮಿಂಟನ್‌ನಲ್ಲಿ 21-5 ಗೆದ್ದರೂ 21-19 ಗೆದ್ದರೂ ಅದು ಒಂದೇ ಗೇಮ್ ತಾನೇ?

ದೂರಿನಲ್ಲಿ ಒಂದು ಎಳೆ ಮಾತ್ರ ನಿಜ. ಪೂರ್ತಿ ಸೂತ್ರವನ್ನು ಕಂಪನಿ ಪ್ರಕಟಿಸಿಲ್ಲ. ಆಟಗಾರರು ದಿನದಿನದ ಅಂಕಿ ಬರೆದಿಟ್ಟು ಊಹಿಸಿದ್ದೇ ಹೆಚ್ಚು. ಕನಿಷ್ಠ ಈ ಇಳಿಕೆಯ ವಿಷಯವನ್ನಾದರೂ ಮಿಷನ್ ಬೋರ್ಡಿನ ಪಕ್ಕದಲ್ಲಿ ಎರಡು ಸಾಲಿನಲ್ಲಿ ಬರೆದಿಟ್ಟರೆ, ಹೊಸದಾಗಿ ಬಂದವರು ಮೊದಲ ವಾರವೇ ನಿದ್ದೆಗೆಟ್ಟು, ಬೇಸತ್ತು ಬಣ ಬಿಟ್ಟುಹೋಗುವುದು ತಪ್ಪುತ್ತದೆ.