ಕೀಬೋರ್ಡಿನ ಮೇಲೆ ಹೊರಿಸಿದ ಅಪವಾದ

ಕನ್ನಡ ಚಿತ್ರಗೀತೆಯ ಇಂಪನ್ನು ಸಿಂಥಸೈಜರ್ ಕೊಂದಿತು ಎಂದು ಮೈಸೂರಿನ ಹಳೆಯ ರಸಿಕರು ತೀರ್ಪು ಕೊಟ್ಟುಬಿಡುತ್ತಾರೆ. ಸಾಕ್ಷಿಗೆ ಎಳೆದು ತರುವುದು ತಮ್ಮೂರಿನ ರಾಜನ್–ನಾಗೇಂದ್ರರನ್ನೇ. 1953ರ ‘ಸೌಭಾಗ್ಯಲಕ್ಷ್ಮಿ’ಯಿಂದ ಹೊರಟು ‘ಗಂಧದ ಗುಡಿ’, ‘ಎರಡು ಕನಸು’, ‘ಬಯಲು ದಾರಿ’ಗಳನ್ನು ದಾಟಿ ಬಂದ ಈ ಅಣ್ಣತಮ್ಮಂದಿರು ಎಂಬತ್ತರ ದಶಕದ ಕೊನೆಗೆ ಹಿಂದೆ ಸರಿದದ್ದು ನಿಜ. ಆದರೆ ಅವರನ್ನು ಹಿಂದೆ ಸರಿಸಿದ್ದು ಯಂತ್ರ ಅನ್ನುವುದನ್ನು ನಾನು ಒಪ್ಪಲಾರೆ.

ಹೊರಗಿನ ವಾದ್ಯ ಕಂಡರೆ ಮುಖ ಸಿಂಡರಿಸುವ ಊರಲ್ಲ ಮೈಸೂರು. ಅರಮನೆಯಲ್ಲಿ ಕರ್ನಾಟಕ ಬ್ಯಾಂಡಿನ ಜೊತೆಗೇ ಪಾಶ್ಚಾತ್ಯ ಬ್ಯಾಂಡೂ ಇತ್ತು. ವೀಣೆ ಶೇಷಣ್ಣನವರ ಬೆರಳಿಗೆ ಪಿಯಾನೊ ಪರಕೀಯವಾಗಿರಲಿಲ್ಲ. ಜಯಚಾಮರಾಜ ಒಡೆಯರಂತೂ ರಷ್ಯದ ಸಂಗೀತ ರಚನಕಾರ ಮೆಟ್ನರ್‌ನ ಕೃತಿಗಳು ಲಂಡನ್ನಿನಲ್ಲಿ ಧ್ವನಿಮುದ್ರಣಗೊಳ್ಳಲು ಹಣ ಕೊಟ್ಟವರು. ಶಿವರಾಂಪೇಟೆಯ ರಾಜಪ್ಪನವರು ಮೂಕಿ ಚಿತ್ರಗಳಿಗೆ ಹಾರ್ಮೋನಿಯಂ, ಕೊಳಲು ನುಡಿಸುತ್ತಿದ್ದವರು. ಅವರ ಮಕ್ಕಳಲ್ಲಿ ರಾಜನ್ ಪಿಟೀಲು ಹಿಡಿದರು, ನಾಗೇಂದ್ರ ಜಲತರಂಗ. ಜಲತರಂಗದ ಕಿವಿಗೆ ಕೀಬೋರ್ಡಿನ ಗಂಟೆಯಂಥ ನಾದ ಅಪರಿಚಿತ ಅನ್ನಿಸಬೇಕಾದ ಕಾರಣವೇ ಇಲ್ಲ.

ಈ ದಿಗಿಲು ನಮ್ಮಲ್ಲಷ್ಟೇ ಇದ್ದದ್ದೂ ಅಲ್ಲ. ತಮ್ಮ ರೆಕಾರ್ಡಿನಲ್ಲಿ ಸಿಂಥಸೈಜರ್ ಇಲ್ಲವೆಂದು ಹೊದಿಕೆಯ ಮೇಲೆಯೇ ಜಂಬದಿಂದ ಅಚ್ಚು ಹಾಕಿಸುತ್ತಿದ್ದ ಬ್ರಿಟನ್ನಿನ ರಾಕ್ ತಂಡ ಕ್ವೀನ್, 1980ರ ‘ದಿ ಗೇಮ್’ ಆಲ್ಬಮ್ಮಿನಲ್ಲಿ ಅದಕ್ಕೇ ಕೈ ಹಾಕಿತು. ನಮ್ಮ ಜೋಡಿ ಅಂಥ ವ್ರತ ತೊಟ್ಟಿರಲಿಲ್ಲ, ಹಾಗಾಗಿ ವ್ರತಭಂಗದ ಮಾತೂ ಇಲ್ಲ.

‘ಚಲಿಸುವ ಮೋಡಗಳು’ (1982), ‘ಬೆಂಕಿಯ ಬಲೆ’ (1983), ‘ಬೆಟ್ಟದ ಹೂವು’ (1985) ಚಿತ್ರಗಳ ಹಾಡುಗಳನ್ನು ಈಗ ಕೇಳಿ. ಗಿಟಾರು, ಡ್ರಮ್ಮು, ಯಾವುದೇ ಹೊಸ ಸದ್ದು ಬಂದರೂ ಅದರ ಜಾಗ ಪಲ್ಲವಿ–ಚರಣಗಳ ನಡುವಿನ ಅಂಗಳ. ಗಾಯಕ ಬಾಯಿ ತೆರೆದೊಡನೆ ವಾದ್ಯಗಳು ಪಕ್ಕಕ್ಕೆ ಸರಿಯುತ್ತವೆ. ‘ಬೆಟ್ಟದ ಹೂವು’ ಚಿತ್ರದಲ್ಲಿ ಬಾಲಕ ಪುನೀತ್ ಹಾಡಿದ್ದು ಆ ವಯಸ್ಸಿನ ಉಸಿರಿಗೆ ಸರಿಯಾಗಿ ಅಳೆದ ಮಟ್ಟು, ಎಲ್ಲಿಯೂ ಹುಡುಗನ ಗಂಟಲನ್ನು ಹಿಂಡಿಲ್ಲ. ಇದು ಈ ಪರಂಪರೆಯ ದೊಡ್ಡ ಗುಣ, ಮೂರು ದಶಕ ಕಳೆದ ಮೇಲೂ ಕೆಟ್ಟಿರಲಿಲ್ಲ.

ದೋಷವೂ ಅಲ್ಲೇ ಇತ್ತು. ಅವರ ಮಟ್ಟುಗಳು ತಮ್ಮಷ್ಟಕ್ಕೆ ತಾವೇ ಪೂರ್ಣ. ಮಾತಿನ ಹಂಗು ಅವಕ್ಕೆ ಕಡಿಮೆ. ‘ಎರಡು ಕನಸು’ 1975ರಲ್ಲಿ ತೆಲುಗಿನ ‘ಪೂಜ’ ಆದಾಗ ಅದೇ ಮಟ್ಟು ಬೇರೆ ಸಾಹಿತ್ಯ ಹೊತ್ತು ಅಲ್ಲೂ ಮನೆಮಾತಾಯಿತು. ಚಿ. ಉದಯಶಂಕರ್ ಥರದ ಕವಿ ಸಿಕ್ಕಿದ್ದರಿಂದ ಕನ್ನಡದಲ್ಲಿ ಆ ಬಿರುಕು ಕಾಣಲಿಲ್ಲ. ಈ ಅಣ್ಣತಮ್ಮಂದಿರ ಅಭಿಮಾನಿಗಳಿಗೆ ಸಿಟ್ಟು ಬರಬಹುದು, ಆದರೂ ಹೇಳುತ್ತೇನೆ: ಎಂಬತ್ತರ ದಶಕದ ಅವರ ಸಾಧಾರಣ ಚಿತ್ರಗಳಲ್ಲಿ ಪಲ್ಲವಿ ಕೇಳಿದವರು ಚರಣವನ್ನು ಊಹಿಸಿಬಿಡಬಹುದಿತ್ತು.

1987ರ ‘ಪ್ರೇಮಲೋಕ’ದಲ್ಲಿ ಹಂಸಲೇಖ ಬೀಸಿದ ಪೆಟ್ಟು ಬಿದ್ದದ್ದು ಈ ಬಿರುಕಿನ ಮೇಲೆ. ಸಾಹಿತ್ಯವೂ ಅವರದೇ, ಸಂಗೀತವೂ ಅವರದೇ. ಕಾಲೇಜು ಹುಡುಗರ ಕೀಟಲೆ, ಸವಾಲು, ಜಗಳ ಎಲ್ಲವೂ ಹಾಡಾಗಿ ಬಂದವು. ಮಾತಿನ ಗತ್ತೇ ತಾಳವಾಯಿತು. ಎಲೆಕ್ಟ್ರಾನಿಕ್ ಲಯ ಆ ಮಾತಿಗೆ ಹೆಜ್ಜೆ ಹಾಕಿತು, ಅಷ್ಟೆ. ಅದೇ ಚಿತ್ರ ತಮಿಳಿನಲ್ಲಿ ‘ಪರುವ ರಾಗಂ’ ಆಯಿತಲ್ಲ, ಆ ಮಟ್ಟುಗಳೂ ಗಡಿ ದಾಟಿದವಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ನ್ಯಾಯವೇ. ಆದರೆ ದಾಟಿದ್ದು ಮಟ್ಟು. ಆಡುಮಾತಿನ ಆ ಪೋಲಿತನ ಕನ್ನಡದಲ್ಲೇ ಉಳಿಯಿತು, ನಮ್ಮ ಹುಡುಗರು ಮುಗಿಬಿದ್ದದ್ದೂ ಅದಕ್ಕೇ. ಹಳೆಯ ಜೋಡಿಯ ಬಳಿ ಇದಕ್ಕೆ ಉತ್ತರವಿರಲಿಲ್ಲ. ಹತ್ತು ಕೀಬೋರ್ಡು ತಂದಿಟ್ಟಿದ್ದರೂ ಇರುತ್ತಿರಲಿಲ್ಲ.

ಯಂತ್ರವನ್ನು ದೂರಲೇಬೇಕು ಅನ್ನುವವರು ದೂರಬೇಕಾದ್ದು ಆಮೇಲೆ ಬಂದ ಅನುಕರಣೆಯನ್ನು. ಪಿಟೀಲಿನವರ ಸಾಲನ್ನೇ ಮನೆಗೆ ಕಳಿಸಿ, ಒಬ್ಬನೇ ಒಬ್ಬ ಕೀಬೋರ್ಡಿನವನಿಂದ ಎಲ್ಲ ಮುಗಿಸಿದ ನಿರ್ಮಾಪಕರ ಲೆಕ್ಕಾಚಾರ ಅದು. ಸ್ವರದ ಕಡೆ ಕಿವಿಗೊಡದೆ ರಿದಮ್ಮಿನ ಗುಂಡಿ ಒತ್ತಿ ಕೂತವರ ಸೋಮಾರಿತನ ಕೂಡ. ಹಂಸಲೇಖರ ಹಾಡುಗಳೆಲ್ಲ ಈ ಮಾತಿನಿಂದ ಪಾರಾಗುತ್ತವೆ ಎಂದೂ ನಾನು ವಾದಿಸುವುದಿಲ್ಲ. ಆದರೆ 2023ರಲ್ಲಿ ಚಾಮುಂಡಿ ಬೆಟ್ಟದಲ್ಲಿ ದಸರೆಯನ್ನು ಉದ್ಘಾಟಿಸಿದ ಇದೇ ಹಂಸಲೇಖ, 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಯಲ್ಲಿ ಹಿಂದೂಸ್ತಾನಿ ರಾಗಗಳ ನಡುವೆ ನಿಂತು ರಾಷ್ಟ್ರಪ್ರಶಸ್ತಿ ಪಡೆದಿದ್ದರು. ಸಿಂಥಸೈಜರ್ ಇಂಪನ್ನು ಕೊಂದಿತು ಅನ್ನುವವರು ‘ಪ್ರೇಮಲೋಕ’ದ ಮಗ್ಗುಲಲ್ಲಿ ಆ ಚಿತ್ರದ ಹಾಡುಗಳನ್ನೂ ಇಟ್ಟುಕೊಂಡು ವಾದಿಸಲಿ.