ಆಪದ್ಬಂಧುಗಳು: ಪತ್ತೇದಾರಿ ಕಥೆಗಳ ಜೊತೆಗಾರರನ್ನು ಕುರಿತು

ಪತ್ತೇದಾರಿ ಕಥೆಯನ್ನು ಸಾಹಿತ್ಯದ ಪಂಕ್ತಿಯಲ್ಲಿ ಕುಳ್ಳಿರಿಸಬೇಕೋ ಬೇಡವೋ ಎಂಬ ವಾದವು ಬಹಳ ಹಳೆಯದು. ಪಂಡಿತರು ಆ ವಾದದಲ್ಲಿ ತೊಡಗಿರುವಾಗಲೇ ಮನೆಮಂದಿಯು ಅದನ್ನು ಒಳಕ್ಕೆ ಕರೆದು ಮಣೆ ಹಾಕಿಯಾಗಿದೆ. ಆದಕಾರಣ ಆ ವಿಷಯವನ್ನು ಇಲ್ಲಿ ಎತ್ತುವುದಿಲ್ಲ. ಈ ಲೇಖನದಲ್ಲಿ ವಿಚಾರಿಸತಕ್ಕದ್ದು ಅದಕ್ಕಿಂತ ಸಣ್ಣ ಪ್ರಶ್ನೆ. ಇಂಥ ಕಥೆಗಳಲ್ಲಿ ಪತ್ತೇದಾರನಿಗೆ ಒಬ್ಬ ಜೊತೆಗಾರನಿರುವುದು ವಾಡಿಕೆ. ಇಬ್ಬರೂ ಒಂದಿಲ್ಲೊಂದು ಸಲ ಪ್ರಾಣಸಂಕಟಕ್ಕೆ ಸಿಲುಕುವುದೂ ಒಬ್ಬನು ಇನ್ನೊಬ್ಬನನ್ನು ಬಿಡಿಸುವುದೂ ವಾಡಿಕೆಯೇ. ಹಳೆಯ ದೂರದರ್ಶನ ಧಾರಾವಾಹಿಗಳನ್ನು ಮರಳಿ ಮರಳಿ ನೋಡುವ ಅಭಿಮಾನಿಗಳು ಕೂಡಿದಲ್ಲೆಲ್ಲ, ಯಾರು ಯಾರನ್ನು ಎಷ್ಟು ಸಲ ಕಾಪಾಡಿದರು, ಯಾರ ಋಣ ಯಾರ ಮೇಲಿದೆ ಎಂಬ ಲೆಕ್ಕ ಹುಟ್ಟುತ್ತದೆ. ಲೆಕ್ಕವು ಮುಗಿಯುವುದಕ್ಕೆ ಮೊದಲೇ ಜಗಳವೂ ಹುಟ್ಟುತ್ತದೆ.

ಈ ಭಾಗದ ಜನಕ್ಕೆ ದೂರದರ್ಶನದ ಪರಿಚಯವು ಪಟ್ಟಣಿಗರಿಗಿಂತ ತಡವಾಗಿ ಆಯಿತೆಂದು ಹೇಳುವಂತಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ನಡೆದ ಶೈಕ್ಷಣಿಕ ಪ್ರಯೋಗಕ್ಕೆ ದೇಶದ ಆರು ರಾಜ್ಯಗಳ 2,400 ಹಳ್ಳಿಗಳು ಆಯ್ಕೆಯಾದಾಗ, ಕರ್ನಾಟಕದಿಂದ ಅಂದಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು ಅದರಲ್ಲಿ ಸೇರಿದ್ದವು. ಯಾದಗಿರಿ, ಶಹಾಪುರ, ಸುರಪುರಗಳೆಲ್ಲ ಆಗ ಗುಲಬರ್ಗಾ ಜಿಲ್ಲೆಯೊಳಗೇ ಇದ್ದವು. ಬೇಸಾಯ, ಆರೋಗ್ಯಗಳ ಪಾಠಕ್ಕಾಗಿ ಬಂದ ಪೆಟ್ಟಿಗೆಯು ಮುಂದಿನ ಹತ್ತು ವರ್ಷಗಳಲ್ಲಿ ಕಥೆಯ ಪೆಟ್ಟಿಗೆಯಾಯಿತು. 1985ರಲ್ಲಿ ಪಂಕಜ ಪರಾಶರರು ನಿರ್ದೇಶಿಸಿದ 'ಕರಮಚಂದ್' ಬಂದಿತು. 1993ರಲ್ಲಿ ಬಾಸು ಚಟರ್ಜಿಯವರ 'ಬ್ಯೋಮಕೇಶ ಬಕ್ಷಿ' ಬಂದಿತು. ಇವೆರಡೂ ಹಿಂದಿಯವು. ಆದರೂ ಕನ್ನಡದ ಮನೆಗಳಲ್ಲಿ ಇವುಗಳಿಗೆ ದೊರೆತ ಆದರವು ಸಾಮಾನ್ಯವಾದುದಲ್ಲ.

ಕರಮಚಂದನ ಜೊತೆಗಾತಿ ಕಿಟ್ಟಿ. ಪಂಕಜ ಕಪೂರರು ಗಜ್ಜರಿ ಕಡಿಯುತ್ತ ಯೋಚಿಸುವ ಆ ಚುರುಕು ಪಾತ್ರಕ್ಕೆ ಎದುರಾಗಿ ಸುಷ್ಮಿತಾ ಮುಖರ್ಜಿಯವರು ಪೆದ್ದುಪೆದ್ದಾಗಿ ಪ್ರಶ್ನೆ ಕೇಳುತ್ತಾರೆ. ಬಾಯಿ ಮುಚ್ಚೆಂದು ಗದರಿಸಿಕೊಳ್ಳುತ್ತಾರೆ. ಆ ಗದರಿಕೆಯು ಆ ಕಾಲದ ಹುಡುಗರ ಬಾಯಲ್ಲಿ ಗಾದೆಯಂತಾಗಿತ್ತು. ಇಲ್ಲಿ ಕಾಪಾಡುವ ಲೆಕ್ಕವನ್ನು ಹಾಕುವುದೇ ವ್ಯರ್ಥ, ಏಕೆಂದರೆ ಕಥೆಯು ಕಿಟ್ಟಿಗೆ ಬುದ್ಧಿಯ ಪಾಲನ್ನೇ ಕೊಟ್ಟಿಲ್ಲ. ಪ್ರೇಕ್ಷಕನಿಗೆ ಬೇಕಾದ ಪ್ರಶ್ನೆಯನ್ನು ಅವಳು ಕೇಳುತ್ತಾಳೆ. ಆ ಉಪಕಾರಕ್ಕೆ ಪ್ರತಿಫಲವಾಗಿ ಬೈಸಿಕೊಳ್ಳುತ್ತಾಳೆ. ನಟಿಯ ಚೆಲುವಾದ ಹಾಸ್ಯವನ್ನು ಮೆಚ್ಚುತ್ತಲೇ ಈ ಮಾತನ್ನು ಹೇಳಬೇಕಾಗಿದೆ. ನಮ್ಮ ಕನ್ನಡ ಚಲಚ್ಚಿತ್ರಗಳಲ್ಲಿಯೂ ಇದೇ ಪದ್ಧತಿ. ದೊರೈ-ಭಗವಾನರ 'ಜೇಡರ ಬಲೆ' 1968ರಲ್ಲಿ ಬಂದು, ರಾಜಕುಮಾರರು ಸಿ.ಐ.ಡಿ. 999 ಆಗಿ ಜನರ ಮನಸ್ಸನ್ನು ಸೂರೆಗೊಂಡರು, 'ಗೋವಾದಲ್ಲಿ ಸಿ.ಐ.ಡಿ. 999' ಅದೇ ವರ್ಷ, 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ಮರುವರ್ಷ ತೆರೆ ಕಂಡವು. ಅಲ್ಲಿ ನರಸಿಂಹರಾಜುರವರ ಪಾಲಿಗೆ ಬಂದುದು ನಗೆ. ನಾಯಕನಿಗೆ ಸಮಾನನಾದ ಒಬ್ಬ ಗೆಳೆಯನನ್ನು ಆ ಚಿತ್ರಗಳು ಬಯಸಲೇ ಇಲ್ಲ. ಏಕಾಂಗಿ ವೀರನ ಕಥೆಗೆ ಅದು ದೋಷವೇನೂ ಅಲ್ಲವಾದ್ದರಿಂದ ಮುಂದೆ ಹೋಗೋಣ.

ಬ್ಯೋಮಕೇಶ ಮತ್ತು ಅಜಿತರ ಸಂಗತಿ ಬೇರೆ. ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ಬಂಗಾಳಿಯಲ್ಲಿ ಆರಂಭಿಸಿದ ಈ ಕಥಾಮಾಲೆಯಲ್ಲಿ ನಾಯಕನು ತನ್ನನ್ನು ಪತ್ತೇದಾರನೆಂದು ಕರೆದುಕೊಳ್ಳಲು ಒಪ್ಪದೆ 'ಸತ್ಯಾನ್ವೇಷಿ' ಎಂದು ಹೇಳಿಕೊಳ್ಳುತ್ತಾನೆ. ಆ ಹೆಸರಿನ ಕಥೆಯಲ್ಲಿ ಇಬ್ಬರೂ ಮೊದಲು ಕೂಡುವುದು ಕಲಕತ್ತೆಯ ಒಂದು ಮೆಸ್ಸಿನಲ್ಲಿ. ಹೆಸರು ಮರೆಸಿಕೊಂಡು ಬಂದ ಅಪರಿಚಿತನಿಗೆ ಅಜಿತನು ತನ್ನ ಕೋಣೆಯಲ್ಲಿ ಜಾಗ ಕೊಡುತ್ತಾನೆ. ಮೆಸ್ಸಿನ ಯಜಮಾನನಾದ ವೈದ್ಯನು ಎಲ್ಲರಿಗೂ ಹಿತನು, ಸೌಮ್ಯನು. ಕೊನೆಗೆ ಕೊಕೇನಿನ ಗುಪ್ತ ವ್ಯಾಪಾರಿಯೂ ಕೊಲೆಗಾರನೂ ಅವನೇ ಎಂದು ತಿಳಿಯುತ್ತದೆ. ಆಶ್ರಯ ಕೊಟ್ಟವನೇ ಯಮನು. ಯಾರೋ ಏನೋ ಎಂದು ಒಳಗೆ ಬಿಟ್ಟುಕೊಂಡವನೇ ಬಂಧು. ರಕ್ಷಣೆಯ ಲೆಕ್ಕ ಹಾಕುವವರು ಈ ಮೊದಲ ಮೊತ್ತವನ್ನೇ ಬಿಟ್ಟುಬಿಡುತ್ತಾರೆ. ಅಜಿತನು ಕೋಣೆಯ ಬಾಗಿಲು ತೆರೆಯದಿದ್ದರೆ ಮುಂದಿನ ಯಾವ ಕಥೆಯೂ ಇಲ್ಲ.

'ಪಥೇರ್ ಕಾಂಟಾ' ಎಂಬ ಕಥೆಯಲ್ಲಿ ಕೊಲೆಗೆ ಸಾಧನವು ಗ್ರಾಮಫೋನಿನ ಮುಳ್ಳು. ಸೈಕಲ್ಲಿನ ಗಂಟೆಯೊಳಗಿಂದ ಅದು ಹಾರಿ ಎದೆಯನ್ನು ಹೊಗುತ್ತದೆ; ಗಂಟೆಯ ಸದ್ದಿನಲ್ಲಿ ಯಂತ್ರದ ಸದ್ದು ಅಡಗುತ್ತದೆ. ಕೊಲೆಗಾರನು ಕರೆದ ನಿರ್ಜನವಾದ ರಸ್ತೆಗೆ ರಾತ್ರಿಯಲ್ಲಿ ಗೆಳೆಯರು ಹೊರಡುವಾಗ ಬ್ಯೋಮಕೇಶನು ಯೋಚಿಸಿದ ಕವಚವು ಯಾವುದು? ಊಟದ ಮನೆಯ ಪಿಂಗಾಣಿಯ ತಟ್ಟೆ! ಎದೆಯ ಮೇಲೆ ಅದನ್ನು ಕಟ್ಟಿಕೊಂಡು ನಡೆಯಬೇಕು. ಇಲ್ಲಿ ಪ್ರಾಣವನ್ನು ಉಳಿಸಿದ ಕೆಲಸವು ನಡೆದುದು ರಸ್ತೆಯಲ್ಲಲ್ಲ, ಮನೆಯಲ್ಲಿ, ದೀಪದ ಬೆಳಕಿನಲ್ಲಿ, ಅಪಾಯಕ್ಕೆ ಬಹಳ ಮುಂಚೆ. ಆದರೆ ತಟ್ಟೆಯನ್ನು ಯೋಚಿಸಿದವನ ಖಾತೆಗೆ ಎಲ್ಲವನ್ನೂ ಜಮಾ ಮಾಡಿದರೆ ಅನ್ಯಾಯವಾಗುತ್ತದೆ. ಗೆಳೆಯನ ಊಹೆಯೊಂದನ್ನೇ ನಂಬಿ, ಒಂದು ಬಟ್ಟಲಿನಷ್ಟು ಮಣ್ಣಿನ ಭರವಸೆಯ ಮೇಲೆ ಆ ಕತ್ತಲೆಗೆ ಕಾಲಿಟ್ಟವನ ಧೈರ್ಯವನ್ನು ಯಾವ ಅಂಕಿಯಿಂದ ಬರೆಯುವುದು? ರಜಿತ್ ಕಪೂರ್ ಮತ್ತು ಕೆ. ಕೆ. ರೈನಾ ಇವರ ಅಭಿನಯದಲ್ಲಿ ನಮಗೆ ಹಿಡಿಸಿದುದು ಈ ಸಮತೂಕವೇ. ರೈನಾರ ಅಜಿತನು ಮಂದಬುದ್ಧಿಯವನಲ್ಲ. ಒಂದು ಹೆಜ್ಜೆ ಹಿಂದೆ ಇರುವ ಬುದ್ಧಿವಂತನು. ಬ್ಯೋಮಕೇಶನು ಅವನನ್ನು ಕೆಣಕುತ್ತಾನೆ, ಆದರೆ ಬಾಯಿ ಮುಚ್ಚಿಸುವುದಿಲ್ಲ.

ಈಗ ಊರಿನ ಕಡೆಗೆ ಸ್ವಲ್ಪ ತಿರುಗೋಣ. ಕಾಪಾಡುವವನ ವೇಷದಲ್ಲಿ ಬರುವ ಕೊಲೆಗಾರನ ಚಿತ್ರವು ಪತ್ತೇದಾರರ ಕಾಲಕ್ಕಿಂತ ಹಿಂದಿನದು. ಸುರಪುರದ ಗುಡ್ಡದ ಮೇಲಣ 'ಟೇಲರ್ ಮಂಜಿಲ್' ನೋಡಿದವರಿಗೆ ಮೆಡೋಸ್ ಟೇಲರನ ಹೆಸರು ಹೊಸದಲ್ಲ. ಅವನು ಸುರಪುರಕ್ಕೆ ಬರುವ ಮುನ್ನವೇ, 1839ರಲ್ಲಿ, ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿಯನ್ನು ಲಂಡನ್ನಿನಲ್ಲಿ ಪ್ರಕಟಿಸಿದ್ದನು. ಅದರಲ್ಲಿ ಠಕ್ಕರು ದಾರಿಹೋಕರಿಗೆ ಹೇಳುವ ಮೊದಲ ಮಾತೇ ರಕ್ಷಣೆಯದು: ದಾರಿ ಕೆಟ್ಟದ್ದು, ಕೂಡಿ ಹೋಗೋಣ. ಕೂಡಿ ಹೋದವರ ಕೊರಳಿಗೆ ರುಮಾಲು ಬೀಳುತ್ತದೆ. ಕಥಾನಾಯಕ ಅಮೀರ್ ಅಲಿಯ ಬಾಳು ಇನ್ನೂ ವಿಚಿತ್ರ. ಅವನ ತಂದೆತಾಯಿಯರನ್ನು ಕೊಂದ ಗುಂಪಿನ ನಾಯಕ ಇಸ್ಮಾಯಿಲನೇ ಎಳೆಯ ಕೂಸನ್ನು ಉಳಿಸಿ, ಮಗನೆಂದು ಸಾಕಿ, ತನ್ನ ವೃತ್ತಿಯನ್ನೇ ಕಲಿಸುತ್ತಾನೆ. ಹಾಗೆ ಉಳಿದ ಮಗನು ತಿಳಿಯದೆ ಒಡಹುಟ್ಟಿದ ತಂಗಿಯನ್ನೇ ಕೊಲ್ಲುತ್ತಾನೆ. ಉಳಿಸಿದ ಕೈಯೂ ಕೊಂದ ಕೈಯೂ ಒಂದೇ ಆಗಿರುವ ಈ ಸಂಬಂಧಕ್ಕೆ ಋಣವೆನ್ನಬೇಕೆ, ಹಗೆಯೆನ್ನಬೇಕೆ? ಎಷ್ಟು ಸಲ ಎಂದು ಎಣಿಸುವ ಅಭಿಮಾನಿಗಳು ಇದನ್ನೊಮ್ಮೆ ಓದಬೇಕು.

ಟೇಲರನ ಸ್ವಂತ ಬಾಳಿನಲ್ಲಿಯೂ ಈ ಪ್ರಶ್ನೆ ಬಂದೊದಗಿತು. 1840ರ ದಶಕದಲ್ಲಿ ಸುರಪುರದ ಆಡಳಿತವನ್ನು ನೋಡಿಕೊಂಡ ಅವನನ್ನು ಬಾಲರಾಜ ವೆಂಕಟಪ್ಪನಾಯಕನು 'ಅಪ್ಪಾ' ಎಂದು ಕರೆಯುತ್ತಿದ್ದನು. 1858ರಲ್ಲಿ ರಾಜನು ಬ್ರಿಟಿಷರ ವಿರುದ್ಧ ಎದ್ದು, ಸಿಕ್ಕಿಬಿದ್ದು, ಹೈದರಾಬಾದಿನಲ್ಲಿ ಮರಣದಂಡನೆಗೆ ಗುರಿಯಾದನು. ಟೇಲರನು ಸೆರೆಯಲ್ಲಿ ಅವನನ್ನು ಕಂಡನು. ದಂಡನೆಯು ಸೆರೆವಾಸಕ್ಕೆ ಇಳಿಯಿತು. ಆದರೆ ಚೆಂಗಲ್ಪಟ್ಟಿಗೆ ಸಾಗಿಸುವ ದಾರಿಯಲ್ಲಿಯೇ ರಾಜನು ಗುಂಡಿನೇಟಿನಿಂದ ಮಡಿದನು. ಪ್ರಾಣವನ್ನು ಉಳಿಸಿದೆವೆಂದುಕೊಂಡವರು ಉಳಿಸಿದುದು ಏನನ್ನು? ರಾಜ್ಯವಿಲ್ಲದ, ಸ್ವಾತಂತ್ರ್ಯವಿಲ್ಲದ ಪ್ರಾಣವನ್ನು. ಕಾಪಾಡಿಸಿಕೊಳ್ಳುವವನ ಮಾನವನ್ನು ಲೆಕ್ಕಕ್ಕೆ ಹಿಡಿಯದ ರಕ್ಷಣೆಯು ಇಷ್ಟರಲ್ಲಿಯೇ ಮುಗಿದೀತು. ಟೇಲರನ ವಾತ್ಸಲ್ಯದಲ್ಲಿ ನಮಗೆ ಸಂದೇಹವಿಲ್ಲ. ಅವನು ನಿಂತಿದ್ದ ಪಕ್ಷದಲ್ಲಿ ಆ ವಾತ್ಸಲ್ಯಕ್ಕೆ ಕೈಗಳಿರಲಿಲ್ಲ.

ಇನ್ನು, ಎಲ್ಲ ಜೋಡಿಗಳ ಮೂಲಜೋಡಿಯಾದ ಹೋಮ್ಸ್ ಮತ್ತು ವಾಟ್ಸನ್. 1910ರಲ್ಲಿ ಪ್ರಕಟವಾದ 'ಡೆವಿಲ್ಸ್ ಫುಟ್' ಕಥೆಯಲ್ಲಿ, ಒಂದು ವಿಷದ ಬೇರಿನ ಪುಡಿಯನ್ನು ಸುಟ್ಟು ಅದರ ಹೊಗೆಯ ಗುಣವನ್ನು ತಮ್ಮ ಮೇಲೆಯೇ ಪರೀಕ್ಷಿಸಲು ಹೋಮ್ಸನು ಹೊರಡುತ್ತಾನೆ. ವಾಟ್ಸನ್ನನು ಎದುರಾಡದೆ ಜೊತೆಗೆ ಕುಳಿತುಕೊಳ್ಳುತ್ತಾನೆ. ಬುದ್ಧಿ ಕದಡಿಹೋಗುತ್ತಿರುವಾಗ ಎದುರಿನ ಗೆಳೆಯನ ಮುಖದಲ್ಲಿ ಸಾವಿನ ಭಯವನ್ನು ಕಂಡದ್ದೇ ತಡ, ಅವನಿಗೆ ಎಚ್ಚರವಾಗಿ, ಇಬ್ಬರನ್ನೂ ಬಾಗಿಲ ಹೊರಗೆ ಎಳೆದು ಹಾಕುತ್ತಾನೆ. ಹೋಮ್ಸನ ಹುಚ್ಚು ಸಾಹಸದಿಂದಲೇ ಬಂದ ಅಪಾಯವಾದ್ದರಿಂದ ಇದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ವಾದಿಸುವವರುಂಟು. ನಮಗೆ ಹಾಗೆ ತೋರುವುದಿಲ್ಲ. ತನಗಾಗಿ ಏಳಲಾರದವನು ಇನ್ನೊಬ್ಬನಿಗಾಗಿ ಎದ್ದನು. ಕಥೆಯ ಸತ್ತ್ವವೆಲ್ಲ ಅಲ್ಲಿದೆ. ಗ್ರನಾಡಾ ಕಂಪನಿಯ ಧಾರಾವಾಹಿಯಲ್ಲಿ ಈ ಕಥೆಯು 1988ರಲ್ಲಿ ಬಂದಾಗ, ಜೆರೆಮಿ ಬ್ರೆಟ್ಟನ ಹೋಮ್ಸನು ಎಚ್ಚೆತ್ತು, ಎಂದೂ ಕರೆಯದ ಮೊದಲ ಹೆಸರಿನಿಂದ 'ಜಾನ್' ಎಂದು ಕೂಗಿಬಿಡುತ್ತಾನೆ. ಮೂಲದಲ್ಲಿ ಇಲ್ಲದ ಈ ಒಂದು ಕೂಗಿಗಾಗಿ ನಟನನ್ನು ಕ್ಷಮಿಸದ ಶುದ್ಧಾಂತಃಕರಣದ ಓದುಗರೂ ಇದ್ದಾರು. ನಾವು ಆ ಗುಂಪಿಗೆ ಸೇರಿದವರಲ್ಲ.

ಕಾಪಾಡುವ ಕೆಲಸಕ್ಕೆ ಇನ್ನೊಂದು ರೂಪವೂ ಉಂಟು. ಕಥೆ ಹೇಳುವವನು ಜೊತೆಗಾರನೇ. 1926ರ ಸುಮಾರಿನಲ್ಲಿ ಕಾನನ್ ಡಾಯಲನು ಎರಡು ಕಥೆಗಳನ್ನು ಹೋಮ್ಸನ ಬಾಯಿಂದಲೇ ಹೇಳಿಸಿ ನೋಡಿದನು, ಎರಡೂ ಸಪ್ಪೆ. ಶರದಿಂದುಬಾಬುಗಳೂ ಕೊನೆಯ ಕೆಲವು ಕಥೆಗಳಲ್ಲಿ ಅಜಿತನನ್ನು ನಿರೂಪಣೆಯಿಂದ ಬಿಡಿಸಿದರು. ಆ ಕಥೆಗಳಲ್ಲಿ ಕೌಶಲವಿದೆ, ಆದರೆ ಬ್ಯೋಮಕೇಶನನ್ನು ನೋಡಿ ಬೆರಗಾಗುವ ಕಣ್ಣು ಇಲ್ಲ. ಸತ್ಯಾನ್ವೇಷಿಯು ಗೆಳೆಯನ ಪ್ರಾಣವನ್ನು ಎಷ್ಟು ಸಲ ಉಳಿಸಿದರೂ, ಅವನನ್ನು ಮರವೆಯಿಂದ ಉಳಿಸಿದವನು ಅಜಿತನೇ.

ಕೊನೆಯದಾಗಿ 1924ರ 'ತ್ರೀ ಗ್ಯಾರಿಡೆಬ್ಸ್' ಕಥೆಯ ಮಾತು. ಅದರಲ್ಲಿ ವಾಟ್ಸನ್ನನ ತೊಡೆಗೆ ಗುಂಡು ತಗಲುತ್ತದೆ, ಗಾಯವು ಹಗುರ. ಆ ಕ್ಷಣದಲ್ಲಿ ಹೋಮ್ಸನ ಕಲ್ಲುಮುಖವು ಒಡೆದು ಒಳಗಿನ ಅಕ್ಕರೆಯು ಕಾಣುತ್ತದೆ. ಒಂದು ಗಾಯಕ್ಕೆ ಇದು ತಕ್ಕ ಬೆಲೆಯೆಂದು ವಾಟ್ಸನ್ನನಿಗೇ ಅನ್ನಿಸುತ್ತದೆ. ಅಭಿಮಾನಿಗಳು ತೆರೆಯ ಮೇಲೆ ಕಾಣಲು ಎಲ್ಲಕ್ಕಿಂತ ಹೆಚ್ಚಾಗಿ ಕಾದಿದ್ದ ಗಳಿಗೆ ಇದು. 1994ರಲ್ಲಿ ಗ್ರನಾಡಾದವರು ಈ ಕಥೆಯನ್ನು 'ಮಜರಿನ್ ಸ್ಟೋನ್' ಎಂಬ ಇನ್ನೊಂದರೊಡನೆ ಬೆಸೆದು ಚಿತ್ರಿಸುವಾಗ ಬ್ರೆಟ್ಟನು ರೋಗದಿಂದ ಬಳಲಿ ಹೋಗಿದ್ದನು. ಅಣ್ಣ ಮೈಕ್ರಾಫ್ಟನ ಪಾತ್ರದಲ್ಲಿ ಚಾರ್ಲ್ಸ್ ಗ್ರೇ ಬಂದು ಪತ್ತೇದಾರಿಯ ಭಾರವನ್ನು ಹೊತ್ತನು. ಹೋಮ್ಸನು ಆದಿ ಅಂತ್ಯಗಳಲ್ಲಿ ಹಣಿಕಿಕ್ಕಿದನಷ್ಟೆ. ಮರುವರ್ಷ ಬ್ರೆಟ್ಟನು ತೀರಿಕೊಂಡನು. ಹೋಮ್ಸನು ವಾಟ್ಸನ್ನನ ಬಳಿಗೆ ಓಡಿ ಬರುವ ಆ ದೃಶ್ಯವನ್ನು ಈ ಜೋಡಿಯ ಅಭಿನಯದಲ್ಲಿ ಕಾಣಬೇಕೆಂದವರು ಪುಸ್ತಕವನ್ನೇ ತೆರೆಯಬೇಕಾಗಿದೆ.