ಅಕ್ಷರವೂ ಉಚ್ಚಾರಾಂಶವೂ: ಕನ್ನಡ ಭೂತಕಾಲದ ರೂಪಗಳ ವಿಭಜನೆ

ಆಡುಗನ್ನಡದ ‘ಮಾಡ್ದ’, ‘ಕುಡ್ದ’ ರೂಪಗಳನ್ನು ‘ಸ್ವರಲೋಪ’ವೆಂಬ ಒಂದೇ ಮಾತಿನಲ್ಲಿ ಮುಗಿಸುವುದು ವಾಡಿಕೆ. ಇದನ್ನು ನಾವು ಒಪ್ಪಲಾರೆವು. ಲಿಪಿಯ ಅಕ್ಷರವನ್ನೇ ಉಚ್ಚಾರಾಂಶವೆಂದು ಭಾವಿಸಿ ‘ಮಾ-ಡ್ದ’, ‘ಕು-ಡ್ದ’ ಎಂದು ಒಡೆದರೆ ಇವೆರಡರ ಅಂತರವೇ ಮರೆಯಾಗುತ್ತದೆ. ಉಚ್ಚಾರದಲ್ಲಿ ಗಡಿ ಬೀಳುವುದು ಒತ್ತಕ್ಷರದ ನಡುವೆ: ಮಾಡ್-ದ, ಕುಡ್-ದ. ‘ಕುಡಿದ’ದ 3 ಲಘುಗಳು ‘ಕುಡ್ದ’ದಲ್ಲಿ ಗುರು-ಲಘುವಾಗಿ 3 ಮಾತ್ರೆಗಳನ್ನೇ ಉಳಿಸಿಕೊಳ್ಳುತ್ತವೆ. ‘ಮಾ’ ಮೊದಲೇ ಗುರುವಾದ್ದರಿಂದ ‘ಮಾಡಿದ’ ಮಾತ್ರ 4ರಿಂದ 3ಕ್ಕೆ ಇಳಿಯುತ್ತದೆ.

ಛಂದಸ್ಸು ಬಲ್ಲವರಿಗೆ ಈ ಲೆಕ್ಕ ಹೊಸತಲ್ಲ. ಒತ್ತಕ್ಷರದ ಹಿಂದಿನದು ಗುರುವೆಂಬ ನಿಯಮಕ್ಕೆ ಅಪವಾದವಾದ ಶಿಥಿಲದ್ವಿತ್ವವನ್ನು 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಗುರುತಿಸಿದ್ದಾನೆ, ಅಲ್ಲಿ ಒತ್ತು ತೇಲಿಸಿ ನುಡಿದಾಗ ಹಿಂದಿನ ಅಕ್ಷರ ಲಘುವಾಗಿಯೇ ನಿಲ್ಲುತ್ತದೆ. ಹಾಗಾದರೆ ‘ಕುಡ್ದ’ದ ಮೊದಲ ಉಚ್ಚಾರಾಂಶ ನಿಜಕ್ಕೂ ಗುರುವೇ? ಕಾಲಮಾಪನವಿಲ್ಲದೆ ಹೇಳಲಾಗದು.

ಮೊದಲ ಉಚ್ಚಾರಾಂಶದ ಬಲಾಘಾತದಿಂದಲೇ ನಡುಸ್ವರ ಬಿದ್ದಿತೆನ್ನುವ ವಿವರಣೆಯೂ ಅವಸರದ್ದು. ಸ್ಪ್ಯಾನಿಷಿನಲ್ಲಿ ‘ಹಾಡುತ್ತೇನೆ’, ‘ಹಾಡಿದನು’ ಎಂಬರ್ಥದ ರೂಪಗಳನ್ನು ಬಲಾಘಾತದ ಸ್ಥಾನವೊಂದೇ ಬೇರ್ಪಡಿಸುತ್ತದೆ. ಕನ್ನಡದಲ್ಲಿ ಅದಕ್ಕೆ ಅಂಥ ಕೆಲಸವಿಲ್ಲ; ಮೇಲಿನ ಮಾತ್ರಾವ್ಯತ್ಯಾಸವನ್ನಂತೂ ಅದು ವಿವರಿಸದು.

ಪದರಚನೆಯ ಗಡಿಯೂ ಅಕ್ಷರಕ್ಕೆ ಅಧೀನವಲ್ಲ. ಸಂಡೂರು ತಾಲ್ಲೂಕಿನ ‘ಚೋರನೂರು’ ಎಂಬಲ್ಲಿ ‘ಊರು’ ಆರಂಭವಾಗುವುದು ‘ನೂ’ಕಾರದ ಒಳಗೆ, ‘ಮಾಡಿದ’ದಲ್ಲಿ ಧಾತು ಮುಗಿಯುವುದು ‘ಡಿ’ಯೊಳಗೆ. ಆ ಊರಿನ ಮಾತನ್ನು ದಾಖಲಿಸಹೊರಟ ಸಂಶೋಧಕರು ‘ಕುಡಿದ’, ‘ಬರೆದ’ಗಳನ್ನು ‘ಮಾಡಿದ’, ‘ಹೇಳಿದ’ಗಳಿಂದ ಪ್ರತ್ಯೇಕಿಸಿ ಅಳೆಯಲಿ, ಕೇವಲ ಲಿಪ್ಯಂತರವನ್ನು ನಾವು ಸಾಕ್ಷ್ಯವೆಂದು ಪರಿಗಣಿಸೆವು.